ಮೊದಲ ಗೇಮ್‌ಗೆ ಯಾವ ಎಂಜಿನ್, ಯಾವ ಭಾಷೆ? ಒಂದೇ ಚೌಕಾಬಾರವನ್ನು ನಾಲ್ಕು ಕಡೆ ಮಾಡಿ ನೋಡಿದ್ದು

ಸಕಲೇಶಪುರದ ಹತ್ತಿರ ಅಜ್ಜಿಯ ಮನೆ. ಜುಲೈ ತಿಂಗಳು. ಮಳೆ ಹಿಡಿದು ಮೂರು ದಿನ, ಕರೆಂಟು ಹೋಗಿ ಎರಡು ದಿನ ಆಗಿತ್ತು. ಯಾರ ಫೋನಿನಲ್ಲೂ ಚಾರ್ಜ್ ಇರಲಿಲ್ಲ. ಅಜ್ಜಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದು ಮನೆ ಉದ್ದ, ಐದು ಮನೆ ಅಗಲದ ಚೌಕ ಬರೆದರು. ಕಟ್ಟೆಗಳಿಗೆ ಅಡ್ಡಗೆರೆ ಹಾಕಿದರು. ಒಳಗಿನಿಂದ ಕವಡೆ ಡಬ್ಬಿ ಬಂತು. ಮಧ್ಯಾಹ್ನದಿಂದ ದೀಪ ಹಚ್ಚುವ ತನಕ ಚೌಕಾಬಾರ ಆಡಿದೆವು. ಆಟ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಕೇಳಿದಳು: "ಮಾಮ, ಇದನ್ನ ಮೊಬೈಲ್ ಗೇಮ್ ಮಾಡಬಹುದಾ? ನಾನೇ ಮಾಡಬಹುದಾ?"

ಖಂಡಿತ ಮಾಡಬಹುದು. ಆದರೆ ಯಾವುದರಲ್ಲಿ? ನನ್ನ ಕೆಲಸ ಸಾಫ್ಟ್‌ವೇರ್‌ನಲ್ಲೇ, ಆದರೂ ಗೇಮ್ ಮಾಡುವುದು ನನಗೂ ಹೊಸದು. ಹಾಗಾಗಿ ಹಾಸನಕ್ಕೆ ವಾಪಸ್ ಬಂದ ಮೇಲೆ ಒಂದು ತೀರ್ಮಾನ ಮಾಡಿದೆ. ಇದೇ ಚೌಕಾಬಾರವನ್ನು ಸ್ಕ್ರ್ಯಾಚ್, ಪೈಗೇಮ್, ಯೂನಿಟಿ, ಗೊಡೊ ಅನ್ನುವ ಗೇಮ್ ಮಾಡುವ ನಾಲ್ಕು ತಂತ್ರಾಂಶಗಳಲ್ಲೂ ಮಾಡಿ ನೋಡುವುದು. ಆಮೇಲೆ ಅವಳಿಗೆ ಹೇಳುವುದು. ಸಂಜೆ ಹೊತ್ತು, ಭಾನುವಾರ ಅಂತ ಕೂತು ಹಾಸನಾಂಬೆ ಗುಡಿಯ ಬಾಗಿಲು ತೆಗೆಯುವ ಹೊತ್ತಿಗೆ ನಾಲ್ಕೂ ಒಂದು ಹಂತಕ್ಕೆ ಬಂದವು. ಅದರಿಂದ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವೂ ದುಡ್ಡು ಕೊಡದೆ ಸಿಗುವಂಥವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೇಮ್ ಎಂಜಿನ್ ಬೇರೆ, ಭಾಷೆ ಬೇರೆ. ಚಿತ್ರ ತೋರಿಸುವುದು, ಸದ್ದು ಹೊರಡಿಸುವುದು, ಬೆರಳು ಎಲ್ಲಿ ಮುಟ್ಟಿತು ಅಂತ ಹೇಳುವುದು, ಕೊನೆಗೆ ಫೋನಿಗೆ ಹಾಕುವ ಫೈಲ್ ಮಾಡಿಕೊಡುವುದು ಎಂಜಿನ್ ಕೆಲಸ. ಕವಡೆ ನಾಲ್ಕು ಬಿದ್ದರೆ ಏನಾಗಬೇಕು ಅಂತ ನೀವು ಬರೆಯುವುದು ಭಾಷೆಯಲ್ಲಿ. ಸಾಮಾನ್ಯವಾಗಿ ಎಂಜಿನ್ ಆರಿಸಿಕೊಂಡರೆ ಭಾಷೆಯೂ ಅದರ ಜೊತೆಗೇ ಬರುತ್ತದೆ.

ಮನೆಯ ಕಂಪ್ಯೂಟರ್‌ನಿಂದ ಶುರು ಮಾಡಿ

"ಯಾವ ಎಂಜಿನ್ ಒಳ್ಳೆಯದು" ಅಂತ ಕೇಳುವ ಮೊದಲು, ಮನೆಯಲ್ಲಿ ಯಾವ ಕಂಪ್ಯೂಟರ್ ಇದೆ ಅಂತ ನೋಡಿ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇರುವುದು ಅಣ್ಣನೋ ಅಕ್ಕನೋ ಕಾಲೇಜಿಗೆ ಅಂತ ತೆಗೆದುಕೊಂಡಿದ್ದ ಲ್ಯಾಪ್‌ಟಾಪ್. ನಾಲ್ಕು ಅಥವಾ ಎಂಟು ಜಿಬಿ ರ್‍ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಇಂಟರ್ನೆಟ್ ಅಂದರೆ ಫೋನಿನ ಹಾಟ್‌ಸ್ಪಾಟ್. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಅದೂ ಇರುತ್ತದೆ ಅಂತ ಹೇಳುವ ಹಾಗಿಲ್ಲ.

ಈ ಒಂದು ವಿಷಯದಲ್ಲೇ ಪಟ್ಟಿ ಅರ್ಧ ಸಣ್ಣದಾಗುತ್ತದೆ. ಅನ್‌ರಿಯಲ್ ಎಂಜಿನ್ ಹಾಕಿಕೊಳ್ಳಲು ಹತ್ತಾರು ಜಿಬಿ ಜಾಗ ಬೇಕು. ಅದನ್ನು ಮಾಡುವ ಎಪಿಕ್ ಗೇಮ್ಸ್ ಕಂಪನಿಯೇ 32 ಜಿಬಿ ರ್‍ಯಾಮ್ ಇದ್ದರೆ ಒಳ್ಳೆಯದು ಅನ್ನುತ್ತದೆ. ಯೂನಿಟಿಯನ್ನು ಆಂಡ್ರಾಯ್ಡ್ ಸಲಕರಣೆಗಳ ಜೊತೆ ಹಾಕಿಕೊಂಡರೆ ಹತ್ತು ಜಿಬಿ ಮುಟ್ಟುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಗೊಡೊ 100 ಎಂಬಿ ಆಸುಪಾಸಿನ ಒಂದೇ ಫೈಲ್. ಇನ್‌ಸ್ಟಾಲ್ ಮಾಡುವ ಗೊಡವೆಯೂ ಇಲ್ಲ. ಜಿಪ್ ಬಿಚ್ಚಿ ಡಬಲ್ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಪಕ್ಕದ ಮನೆಗೂ ಒಯ್ಯಬಹುದು. ನಾನು ಯೂನಿಟಿಯನ್ನು ಹಾಟ್‌ಸ್ಪಾಟ್‌ನಲ್ಲಿ ಇಳಿಸಲು ಎರಡು ರಾತ್ರಿ ಹಿಡಿಯಿತು, ನಡುವೆ ಒಮ್ಮೆ ಕರೆಂಟು ಹೋಗಿ ಅರ್ಧದಿಂದ ಮತ್ತೆ ಶುರು ಮಾಡಬೇಕಾಯಿತು. ಗೊಡೊ ಇಳಿಯುವಷ್ಟರಲ್ಲಿ ಒಂದು ಕಾಫಿ ಕುಡಿದು ಮುಗಿದಿತ್ತು.

ಹಳೆಯ ಲ್ಯಾಪ್‌ಟಾಪ್ ಆದರೆ ಗೊಡೊದಲ್ಲಿ ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ಚಿತ್ರ ಬಿಡಿಸುವ ವಿಧಾನ) ಯಾವುದು ಅಂತ ಕೇಳುತ್ತದೆ. ಅಲ್ಲಿ 'ಕಂಪ್ಯಾಟಿಬಿಲಿಟಿ' ಆರಿಸಿಕೊಳ್ಳಿ. ಮೊದಲನೆಯದಾದ 'ಫಾರ್ವರ್ಡ್ ಪ್ಲಸ್' ವಲ್ಕನ್‌ನಂಥ ಹೊಸ ಗ್ರಾಫಿಕ್ಸ್ ವ್ಯವಸ್ಥೆಯನ್ನು ಕೇಳುತ್ತದೆ, ಹಳೆಯ ಯಂತ್ರಗಳಲ್ಲಿ ಅದು ಇರುವುದಿಲ್ಲ. ಕಂಪ್ಯಾಟಿಬಿಲಿಟಿಗೆ ಓಪನ್‌ಜಿಎಲ್ ಅನ್ನುವ ಹಳೆಯ ವ್ಯವಸ್ಥೆ ಸಾಕು. ಚೌಕಾಬಾರದಂಥ ಚಪ್ಪಟೆ ಆಟಕ್ಕೆ ಎರಡರಲ್ಲೂ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇಲ್ಲ. ಈ ಸಣ್ಣ ಆಯ್ಕೆ ಗೊತ್ತಿಲ್ಲದೆ "ನಮ್ಮ ಸಿಸ್ಟಮ್‌ನಲ್ಲಿ ಓಡಲ್ಲ" ಅಂತ ಕೈಬಿಡುವವರು ಇದ್ದಾರೆ. ಬೇಸರವಾಗುತ್ತದೆ.

ಗೊಡೊ: ಕಾಯಿ ಒಂದು ಮಾಡಿದರೆ ಹದಿನಾರು

ಗೊಡೊ ಹುಟ್ಟಿದ್ದು ಅರ್ಜೆಂಟೀನಾದಲ್ಲಿ. ಹುವಾನ್ ಲಿನಿಯೆಟ್‌ಸ್ಕಿ, ಏರಿಯಲ್ ಮನ್ಜೂರ್ ಅನ್ನುವ ಇಬ್ಬರು ಕಟ್ಟಿದ್ದು. 2014ರಲ್ಲಿ ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಎಂಐಟಿ ಲೈಸೆನ್ಸ್. ಅಂದರೆ ನೀವು ಮಾಡಿದ ಗೇಮ್ ಪೂರ್ತಿ ನಿಮ್ಮದು. ಎಷ್ಟು ದುಡಿದರೂ ಯಾರಿಗೂ ಪಾಲು ಕೊಡಬೇಕಾಗಿಲ್ಲ. ನಾಲ್ಕನೇ ಆವೃತ್ತಿ ಬಂದದ್ದು 2023ರ ಮಾರ್ಚ್‌ನಲ್ಲಿ. ಹೊಸಬರು ನಾಲ್ಕರಿಂದಲೇ ಶುರು ಮಾಡಬೇಕು. ಮೂರರ ಪಾಠಗಳು ಇನ್ನೂ ತುಂಬ ಸಿಗುತ್ತವೆ, ಅದರ ಕೋಡ್ ನಾಲ್ಕರಲ್ಲಿ ಎಷ್ಟೋ ಕಡೆ ಹಾಗೇ ಓಡುವುದಿಲ್ಲ. ವಿಡಿಯೋ ನೋಡುವ ಮೊದಲು ಯಾವ ಆವೃತ್ತಿ ಅಂತ ನೋಡಿಕೊಳ್ಳಿ.

ಗೊಡೊದಲ್ಲಿ ಎಲ್ಲವೂ 'ನೋಡ್'. ನೋಡ್‌ಗಳನ್ನು ಸೇರಿಸಿದರೆ 'ಸೀನ್'. ಹೀಗೆ ಕೇಳಿದರೆ ಏನೂ ತಿಳಿಯುವುದಿಲ್ಲ, ಅಲ್ವಾ? ಚೌಕಾಬಾರದಲ್ಲಿ ನೋಡಿ. ಒಂದು ಕಾಯಿ ಅಂದರೆ ಒಂದು ಚಿತ್ರ, ಮುಟ್ಟಿದರೆ ತಿಳಿಯುವ ಒಂದು ಜಾಗ, ಸರಿದಾಗ ಬರುವ ಒಂದು ಸದ್ದು. ಈ ಮೂರು ನೋಡ್ ಸೇರಿಸಿ 'ಕಾಯಿ' ಅಂತ ಒಂದು ಸೀನ್ ಮಾಡಿದೆ. ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಒಟ್ಟು ಹದಿನಾರು. ಅದೇ ಸೀನನ್ನು ಹದಿನಾರು ಸಲ ಹಾಕಿ ಬಣ್ಣ ಬದಲಿಸಿದೆ, ಅಷ್ಟೇ. ಆಮೇಲೆ ಕಾಯಿಯ ಸದ್ದು ಬದಲಿಸಬೇಕು ಅನ್ನಿಸಿತು. ಒಂದು ಕಡೆ ಬದಲಿಸಿದರೆ ಹದಿನಾರೂ ಬದಲಾದವು.

ಇನ್ನೊಂದು, 'ಸಿಗ್ನಲ್'. ಕವಡೆ ಉರುಳಿ ನಿಂತ ಮೇಲೆ "ಮೂರು ಬಿತ್ತು" ಅಂತ ಕೂಗಿ ಹೇಳುತ್ತದೆ. ಕೇಳಿಸಿಕೊಳ್ಳಬೇಕಾದ ಮಣೆ ಕೇಳಿಸಿಕೊಳ್ಳುತ್ತದೆ. ಜಗಲಿಯ ಮೇಲೆ ನಡೆಯುವುದೂ ಹೀಗೇ. ಅಕ್ಕನ ಮಗಳಿಗೆ ಇದನ್ನು ವಿವರಿಸಲು ಐದು ನಿಮಿಷ ಬೇಕಾಗಲಿಲ್ಲ.

ನನಗೆ ತುಂಬ ಹಿಡಿಸಿದ್ದು ಮತ್ತೊಂದು. ಗೊಡೊದ ಕೈಪಿಡಿಯ ದೊಡ್ಡ ಭಾಗ ಎಡಿಟರ್ ಒಳಗೇ ಇದೆ. ಎಫ್1 ಒತ್ತಿ ಯಾವ ನೋಡ್ ಏನು ಮಾಡುತ್ತದೆ ಅಂತ ಹುಡುಕಬಹುದು. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಮಲೆನಾಡಿನಲ್ಲಿ ಕೂತು ಕಲಿಯುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಬೆಂಗಳೂರಿನವರಿಗೆ ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ.

ಕೊರತೆಯೂ ಇದೆ. ಫೋನಿಗೆ ಗೇಮ್ ಹಾಕುವ ಹೊತ್ತಿಗೆ ಎಕ್ಸ್‌ಪೋರ್ಟ್ ಟೆಂಪ್ಲೇಟ್ ಅಂತ ಸುಮಾರು ಒಂದು ಜಿಬಿ ಬೇರೆ ಇಳಿಸಬೇಕು. ಆಂಡ್ರಾಯ್ಡ್‌ಗೆ ಜಾವಾ ಮತ್ತು ಆಂಡ್ರಾಯ್ಡ್ ಎಸ್‌ಡಿಕೆ ಅನ್ನುವ ಸಲಕರಣೆಗಳನ್ನು ಹಾಕಿ, ಅವು ಎಲ್ಲಿವೆ ಅಂತ ಗೊಡೊಗೆ ತೋರಿಸಿಕೊಡಬೇಕು. ಮೊದಲ ಸಲ ಇದಕ್ಕೆ ನನಗೆ ಒಂದಿಡೀ ಭಾನುವಾರ ಹೋಯಿತು. ಯೂನಿಟಿಯಲ್ಲಿ ಇದೇ ಕೆಲಸ ಎರಡು ಟಿಕ್ ಹಾಕಿದರೆ ಆಗುತ್ತದೆ. ಅಲ್ಲಿ ಆ ಭಾರವೆಲ್ಲ ಮೊದಲೇ ಇಳಿದಿರುತ್ತದೆ.

ಚಿಕ್ಕಮಗಳೂರು ಪರೀಕ್ಷೆ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ವಿಷಯ ಸಾಮಾನ್ಯವಾಗಿ ಬರುವುದಿಲ್ಲ, ಬರಲು ಕಾರಣವೂ ಇಲ್ಲ. ನಮಗೆ ಇದು ಮೊದಲ ಪ್ರಶ್ನೆ ಆಗಬೇಕು. ಎಂಜಿನ್ ಕನ್ನಡವನ್ನು ಸರಿಯಾಗಿ ತೋರಿಸುತ್ತದಾ?

ಕನ್ನಡ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಹೋದರೆ ಆಗುವುದಿಲ್ಲ. ಒತ್ತು ಕೆಳಗೆ ಹೋಗಬೇಕು. ಅರ್ಕಾವತ್ತು ಅಕ್ಷರದ ಬಲಕ್ಕೆ ಬರಬೇಕು. ಗುಣಿತದ ಗುರುತು ಸೇರಿದಾಗ ತಲೆಕಟ್ಟು ಬದಲಾಗಬೇಕು. ಈ ಜೋಡಣೆ ಮಾಡುವ ಶಕ್ತಿ ಎಂಜಿನ್‌ನಲ್ಲಿ ಇಲ್ಲದಿದ್ದರೆ 'ಅಕ್ಕ' ಹೋಗಿ 'ಅಕ್‌ಕ' ಆಗುತ್ತದೆ.

ಯೂನಿಟಿಯಲ್ಲಿ ನಾನು ಮೊದಲು 'ಹಾಸನ' ಅಂತ ಬರೆದು ನೋಡಿದೆ. 'ಹಾ' ಸ್ವಲ್ಪ ವಿಚಿತ್ರವಾಗಿ ಕಂಡಿತು, ಆದರೂ ಓದಬಹುದಿತ್ತು. ಸರಿ ಇದೆ ಅಂತ ಮುಂದೆ ಹೋದೆ. ಎರಡು ವಾರ ಆದ ಮೇಲೆ ಆಟಗಾರರ ಊರು ಆರಿಸುವ ಪಟ್ಟಿಯಲ್ಲಿ 'ಚಿಕ್ಕಮಗಳೂರು' ಹಾಕಿದಾಗ ಒತ್ತು ಒಡೆದು ಚೂರಾಗಿತ್ತು. ಹಾಸನ ಒತ್ತಕ್ಷರವೇ ಇಲ್ಲದ ಊರು. ಅದರಿಂದ ಪರೀಕ್ಷೆ ಆಗುವುದೇ ಇಲ್ಲ! ಆವತ್ತಿನಿಂದ ಯಾವ ಎಂಜಿನ್ ತೆರೆದರೂ ನಾನು ಮೊದಲು ಬರೆಯುವ ಸಾಲು ಇದು: 'ಚಿಕ್ಕಮಗಳೂರು, ಸೂರ್ಯ, ರಾಷ್ಟ್ರ, ಕೈ, ಪ್ರೀತಿ.' ಒತ್ತು, ಅರ್ಕಾವತ್ತು, ಎರಡು ಒತ್ತು, ಐತ್ವ, ಎಲ್ಲವೂ ಅದರಲ್ಲಿ ಬಂತು.

ಫಲಿತಾಂಶ ಹೀಗಿತ್ತು. ಗೊಡೊ ನಾಲ್ಕರಲ್ಲಿ ಹಾರ್ಫ್‌ಬಝ್ ಅನ್ನುವ ಅಕ್ಷರ ಜೋಡಿಸುವ ತಂತ್ರ ಒಳಗೇ ಸೇರಿದೆ. ಸಾಲು ಪೂರ್ತಿ ಸರಿಯಾಗಿ ಬಂತು. ಮೂರನೇ ಆವೃತ್ತಿಯಲ್ಲಿ ಇದು ಇರಲಿಲ್ಲ, ನಾಲ್ಕರಿಂದಲೇ ಶುರು ಮಾಡಿ ಅನ್ನಲು ಇದೂ ಒಂದು ಕಾರಣ. ಸ್ಕ್ರ್ಯಾಚ್ ಬ್ರೌಸರ್ ತಂತ್ರದ ಮೇಲೇ ನಿಂತಿರುವುದರಿಂದ ಅಲ್ಲಿಯೂ ತೊಂದರೆ ಬರಲಿಲ್ಲ. ಬ್ರೌಸರ್‌ಗೆ ಕನ್ನಡ ಗೊತ್ತು. ಬ್ರೌಸರ್ ಮೇಲೇ ನಿಂತ ಜಿಡೆವಲಪ್, ಫೇಸರ್‌ನಂಥ ಬೇರೆ ಸಲಕರಣೆಗಳಿಗೂ ಇದೇ ಲಾಭ ಸಿಗುತ್ತದೆ. ಪೈಗೇಮ್‌ನಲ್ಲಿ ಸುಮ್ನೆ ಬರೆದರೆ ಒತ್ತು ಒಡೆಯಿತು. ಅದರ ಸಿಇ (ಕಮ್ಯುನಿಟಿ ಎಡಿಷನ್) ಅನ್ನುವ ಆವೃತ್ತಿಯಲ್ಲಿ ಲಿಪಿ ಯಾವುದು ಅಂತ ಹೇಳುವ ಒಂದು ಆದೇಶ ಇದೆ, ಅದನ್ನು ಹುಡುಕಿ ಬಳಸಬೇಕು. ಯೂನಿಟಿಯಲ್ಲಿ ಎಲ್ಲ ಪಾಠಗಳೂ ಹೇಳಿಕೊಡುವ ಟೆಕ್ಸ್ಟ್‌ಮೆಶ್ ಪ್ರೊ ಅನ್ನುವ ಅಕ್ಷರ ತೋರಿಸುವ ಸಲಕರಣೆ ಕನ್ನಡ ಜೋಡಿಸುವುದಿಲ್ಲ. ಯೂನಿಟಿ 6ರಲ್ಲಿ ಪರದೆಯ ಬಟನ್, ಪಟ್ಟಿ ಮಾಡುವ ಯುಐ ಟೂಲ್‌ಕಿಟ್‌ಗೆ ಹೊಸ ಅಕ್ಷರ ವ್ಯವಸ್ಥೆ ಬಂದಿದೆ, ಆದರೆ ಹೊಸಬರ ಪಾಠಗಳು ಇನ್ನೂ ಆ ದಾರಿಗೆ ಹೊರಳಿಲ್ಲ. ಕನ್ನಡವನ್ನು ಚಿತ್ರ ಮಾಡಿ ಅಂಟಿಸುವವರೂ ಇದ್ದಾರೆ. ಹೆಸರು, ಅಂಕ ಬದಲಾಗುವ ಕಡೆ ಅದು ನಡೆಯುವುದಿಲ್ಲ.

ಗೊಡೊದಲ್ಲೂ ಕಾಲು ಹಾಕಿ ಬೀಳುವಂಥ ಒಂದು ಗುಂಡಿ ಇದೆ. ಅದರ ಜೊತೆ ಬರುವ ಫಾಂಟ್‌ನಲ್ಲಿ ಕನ್ನಡ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್‌ನ ಕನ್ನಡ ಫಾಂಟನ್ನು ಅದು ತಾನಾಗಿ ಎತ್ತಿಕೊಳ್ಳುವುದರಿಂದ ಎಲ್ಲ ಸರಿ ಕಾಣುತ್ತದೆ. ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಮಾಡಿದಾಗ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಬರುತ್ತವೆ. ಅದಕ್ಕೇ ಮೊದಲ ದಿನವೇ ನೋಟೊ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮ ಫಾಂಟನ್ನು ಪ್ರಾಜೆಕ್ಟ್ ಒಳಗೆ ಹಾಕಿ. ಎರಡೂ ಮುಕ್ತ ಲೈಸೆನ್ಸ್‌ನವು. ಬಲೂ ತಮ್ಮ ಗುಂಡು ಗುಂಡಾಗಿದೆ, ಮಕ್ಕಳ ಆಟಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ನಮ್ಮ ಚೌಕಾಬಾರಕ್ಕೆ ಅದನ್ನೇ ಹಾಕಿದ್ದೇವೆ.

ಕವಡೆ ಹಾಕುವುದನ್ನು ಕಂಪ್ಯೂಟರ್‌ಗೆ ಹೇಗೆ ಹೇಳುತ್ತೀರಿ?

ಭಾಷೆಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಗಲಿಲ್ಲ. ನಾಲ್ಕು ಕವಡೆ. ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು. ಚೌಕ ಅಥವಾ ಬಾರ ಬಿದ್ದರೆ ಇನ್ನೊಂದು ಸಲ ಹಾಕಬಹುದು.

ಹೊಸಬರು ಮಾಡುವ ತಪ್ಪು ಇಲ್ಲಿದೆ. ಒಂದು, ಎರಡು, ಮೂರು, ನಾಲ್ಕು, ಎಂಟು, ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸು ಅಂತ ಬರೆದುಬಿಡುತ್ತಾರೆ. ನನ್ನ ಅಕ್ಕನ ಮಗಳೂ ಹಾಗೇ ಬರೆದಳು. ಆಡಿ ನೋಡಿದಾಗ ಬಾರ ಸಿಕ್ಕಾಪಟ್ಟೆ ಬೀಳುತ್ತಿತ್ತು. ಒಂದೊಂದು ಕವಡೆಯೂ ಮೇಲೆ ಬೀಳುವುದು, ಕೆಳಗೆ ಬೀಳುವುದು ಸಮ ಅಂತ ಇಟ್ಟುಕೊಂಡರೆ ಒಟ್ಟು ಹದಿನಾರು ರೀತಿ ಬೀಳಬಹುದು. ಅದರಲ್ಲಿ ಎರಡು ಬೀಳುವುದು ಆರು ರೀತಿ. ಒಂದು ನಾಲ್ಕು ರೀತಿ, ಮೂರು ನಾಲ್ಕು ರೀತಿ. ಚೌಕ ಒಂದೇ ರೀತಿ, ಬಾರವೂ ಒಂದೇ ರೀತಿ. ಅಜ್ಜಿಗೆ ಬಾರ ಬಿದ್ದಾಗ ಮನೆಯೆಲ್ಲ ಕೂಗುವುದು ಇದಕ್ಕೇ. ಹಾಗಾಗಿ ಪ್ರತಿ ಕವಡೆಗೂ ಬೇರೆ ಬೇರೆಯಾಗಿ ಸೊನ್ನೆ ಅಥವಾ ಒಂದು ಆರಿಸಿ ಕೂಡಿಸಬೇಕು. ಮೊತ್ತ ಸೊನ್ನೆ ಆದರೆ ಎಂಟು ಅಂತ ತಿಳಿಯಬೇಕು.

ಪೈಗೇಮ್‌ಗೆ ಬಳಸುವ ಪೈಥಾನ್ ಭಾಷೆಯಲ್ಲಿ ಇದು ನಾಲ್ಕೈದು ಸಾಲು. ಗೊಡೊದ ಜಿಡಿಸ್ಕ್ರಿಪ್ಟ್‌ನಲ್ಲೂ ಅಷ್ಟೇ, ಏಕೆಂದರೆ ಅದನ್ನು ಪೈಥಾನ್ ಹಾಗೆ ಕಾಣುವಂತೆಯೇ ಮಾಡಿದ್ದಾರೆ. ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೀರಿ ಅನ್ನುವುದರ ಮೇಲೆ ಯಾವುದು ಯಾವುದರ ಒಳಗೆ ಅಂತ ತಿಳಿಯುತ್ತದೆ. ಅದಕ್ಕೆ ಸುರುಳಿ ಆವರಣ ಬೇಕಿಲ್ಲ, ಸಾಲಿನ ಕೊನೆಗೆ ಅರ್ಧವಿರಾಮವೂ ಬೇಕಿಲ್ಲ. ಒಂದೇ ಎಚ್ಚರಿಕೆ: ಟ್ಯಾಬ್ ಮತ್ತು ಸ್ಪೇಸ್ ಬೆರೆಸಬೇಡಿ. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದಾಗ ಬರುವ ತಪ್ಪುಗಳಲ್ಲಿ ಇದೇ ಜಾಸ್ತಿ.

ಯೂನಿಟಿಯ ಸಿ ಶಾರ್ಪ್ ಭಾಷೆಯಲ್ಲಿ ಅದೇ ಕೆಲಸಕ್ಕೆ ಸಾಲು ಸುಮಾರು ಎರಡರಷ್ಟಾಯಿತು. ಮೊದಲು ಕ್ಲಾಸ್, ಆಮೇಲೆ ಮೆಥಡ್, ಪ್ರತಿ ವೇರಿಯಬಲ್‌ಗೂ (ಬೆಲೆ ಇಟ್ಟುಕೊಳ್ಳುವ ಹೆಸರಿಗೂ) ಅದು ಅಂಕಿಯೋ ಅಕ್ಷರವೋ ಅಂತ ಹೇಳಬೇಕು. ಹೊಸಬರಿಗೆ ಇದು ಭಾರ ಅನ್ನಿಸುತ್ತದೆ. ಆದರೆ ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸಿ ಕಲಿತವರಿಗೆ ಇದು ಪರಿಚಯದ ಮುಖ. ತಪ್ಪು ಮಾಡಿದರೆ ಆಟ ಓಡಿಸುವ ಮೊದಲೇ ಕೆಂಪು ಗೆರೆ ಬರುತ್ತದೆ, ಅದೂ ಒಳ್ಳೆಯದೇ.

ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು. 'ಬಾರ = 8' ಅಂತ ಬರೆದರೆ ಅದು ಸರಿಯಾದ ಕೋಡ್. ಇದನ್ನು ತೋರಿಸಿದಾಗ ಅಕ್ಕನ ಮಗಳ ಮುಖ ನೋಡಬೇಕಿತ್ತು! ಕೋಡ್ ಅಂದರೆ ಇಂಗ್ಲಿಷ್ ಪರೀಕ್ಷೆ ಅನ್ನುವ ಭಯ ಇರುವ ಮಕ್ಕಳಿಗೆ ಮೊದಲ ವಾರ ಹೀಗೇ ಬರೆಯಲು ಬಿಡಿ ಅಂತ ನಾನು ಹೇಳುತ್ತೇನೆ. ಇಫ್, ಫಾರ್ ಇವೆಲ್ಲ ಇಂಗ್ಲಿಷ್‌ನಲ್ಲೇ ಇರುತ್ತವೆ, ಆದರೆ ಮೊದಲಿಗೆ ಬೇಕಾಗುವುದು ಹತ್ತಿಪ್ಪತ್ತು ಪದ ಮಾತ್ರ.

ಕಾಯಿ ನಡೆಯುವ ದಾರಿ ಇನ್ನೊಂದು ಒಳ್ಳೆಯ ಲೆಕ್ಕ. ಹೊರಗಿನ ಸುತ್ತು ಹದಿನಾರು ಮನೆ, ಒಳಗಿನ ಸುತ್ತು ಎಂಟು, ನಡುವೆ ಹಣ್ಣಾಗುವ ಮನೆ ಒಂದು. ಒಟ್ಟು ಇಪ್ಪತ್ತೈದು. ಹೊರಗೆ ಒಂದು ದಿಕ್ಕಿಗೆ ಹೋದರೆ ಒಳಗೆ ಅದಕ್ಕೆ ತಿರುಗಿ. ಇದನ್ನು ಇಫ್‌ಗಳಲ್ಲಿ ಬರೆಯಲು ಹೋದರೆ ತಲೆ ಕೆಡುತ್ತದೆ. ಒಬ್ಬೊಬ್ಬ ಆಟಗಾರರಿಗೂ ಇಪ್ಪತ್ತೈದು ಮನೆಗಳ ಒಂದು ಪಟ್ಟಿ ಮಾಡಿ, ಕಾಯಿ ಪಟ್ಟಿಯಲ್ಲಿ ಎಷ್ಟನೆಯದರಲ್ಲಿದೆ ಅಂತ ಒಂದು ಅಂಕಿ ಇಟ್ಟುಕೊಂಡರೆ ಮುಗಿಯಿತು. ಯಾವ ಭಾಷೆಯಲ್ಲಾದರೂ ಇದೇ ಉಪಾಯ. ಒಮ್ಮೆ ಹೊಳೆದರೆ ಎಂಜಿನ್ ಬದಲಿಸಿದರೂ ನಿಮ್ಮ ಜೊತೆ ಬರುತ್ತದೆ.

ಯೂನಿಟಿ, ಮತ್ತು 2023ರಲ್ಲಿ ಆದದ್ದು

ಯೂನಿಟಿ 2005ರಿಂದ ಇದೆ. ಪೋಕೆಮಾನ್ ಗೋ, ಅಮಾಂಗ್ ಅಸ್, ಹಾಲೋ ನೈಟ್, ಎಲ್ಲ ಅದರಲ್ಲೇ ಆದವು. ಇಂಗ್ಲಿಷ್ ಬರುತ್ತದೆ ಅಂದರೆ ಯೂನಿಟಿಗೆ ಸಿಗುವಷ್ಟು ಪಾಠ ಇನ್ಯಾವುದಕ್ಕೂ ಸಿಗುವುದಿಲ್ಲ. ಬೆಂಗಳೂರಿನ ಗೇಮ್ ಕಂಪನಿಗಳಲ್ಲಿ ಕೆಲಸ ಬೇಕು ಅನ್ನುವ ಇಂಜಿನಿಯರಿಂಗ್ ವಿದ್ಯಾರ್ಥಿಗೆ ನಾನು ಯೂನಿಟಿ ಬೇಡ ಅನ್ನುವುದಿಲ್ಲ. ಮೊಬೈಲ್ ಗೇಮ್ ಕೆಲಸಗಳಲ್ಲಿ ಸಿ ಶಾರ್ಪ್ ಮತ್ತು ಯೂನಿಟಿ ಕೇಳುವುದು ಬಹಳ ಸಾಮಾನ್ಯ.

ಪರ್ಸನಲ್ ಆವೃತ್ತಿ ಉಚಿತ. ವರ್ಷದ ಆದಾಯ 2 ಲಕ್ಷ ಡಾಲರ್ ದಾಟಿದರೆ ಮಾತ್ರ ದುಡ್ಡು ಕೊಡುವ ಆವೃತ್ತಿಗೆ ಹೋಗಬೇಕು. ಹೊಸಬರಿಗೆ ಇದು ದೂರದ ಮಾತು. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಒಂದು ಘೋಷಣೆ ಮಾಡಿತು. ಒಂದು ಮಿತಿ ದಾಟಿದ ಗೇಮ್‌ಗಳು ಪ್ರತಿ ಹೊಸ ಇನ್‌ಸ್ಟಾಲ್‌ಗೂ ಶುಲ್ಕ ಕಟ್ಟಬೇಕು ಅಂತ. ಜಗತ್ತಿನ ಎಲ್ಲ ಕಡೆಯಿಂದ ವಿರೋಧ ಬಂತು. ಒಂದು ವರ್ಷ ಕಳೆದು, 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಪೂರ್ತಿ ಕೈಬಿಟ್ಟರು. ಈಗ ಆ ಶುಲ್ಕ ಇಲ್ಲ. ಆದರೂ 'ಉಚಿತ' ಅನ್ನುವ ಪದಕ್ಕೆ ಎರಡು ಅರ್ಥ ಇದೆ ಅಂತ ಆಗ ತುಂಬ ಜನಕ್ಕೆ ಗೊತ್ತಾಯಿತು. ಕಂಪನಿ ಇವತ್ತು ದುಡ್ಡು ಕೇಳುತ್ತಿಲ್ಲ ಅನ್ನುವುದು ಒಂದು. ಯಾರೂ ಮುಂದೆ ಕೇಳಲು ಆಗುವುದಿಲ್ಲ ಅನ್ನುವುದು ಇನ್ನೊಂದು. ಗೊಡೊ ಎರಡನೆಯ ಬಗೆಯದು. ನನಗೆ ಈ ವ್ಯತ್ಯಾಸ ಮುಖ್ಯ ಅನ್ನಿಸುತ್ತದೆ.

ನಾಲ್ಕು ಜಿಬಿ ರ್‍ಯಾಮ್‌ನಲ್ಲಿ ಯೂನಿಟಿ ಬೇಡವೇ ಬೇಡ. ಎಂಟರಲ್ಲಿ ನಡೆಯುತ್ತದೆ. ಆದರೆ ಕೋಡ್‌ನಲ್ಲಿ ಒಂದು ಸಾಲು ಬದಲಿಸಿ ವಾಪಸ್ ಬಂದಾಗಲೆಲ್ಲ ಕಾಯಬೇಕು. ಕಲಿಯುವವರು ದಿನಕ್ಕೆ ನೂರು ಸಲ ಬದಲಿಸುತ್ತಾರೆ. ಆ ಕಾಯುವಿಕೆಯಲ್ಲೇ ಉತ್ಸಾಹ ಇಳಿದುಹೋಗುತ್ತದೆ.

ಉಳಿದವು, ಬೇಗ ಬೇಗ

ಸ್ಕ್ರ್ಯಾಚ್ ಅಮೆರಿಕದ ಎಂಐಟಿಯಲ್ಲಿ ಹುಟ್ಟಿ 2007ರಲ್ಲಿ ಹೊರಬಂತು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುವುದೇ ಕೋಡಿಂಗ್. ಎಂಟರಿಂದ ಹದಿನಾರು ವರ್ಷದವರಿಗೆ ಅಂತ ಮಾಡಿದ್ದು. ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಹನ್ನೊಂದು, ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಬೇರೆ ಏನೂ ಯೋಚಿಸಬೇಡಿ, ಇದೇ ಸರಿ. ಕವಡೆ ಹಾಕುವುದು ಇದರಲ್ಲಿ ಒಂದು ಸಂಜೆಯಲ್ಲಿ ಆಯಿತು. ಹದಿನಾರು ಕಾಯಿ, ಕಡಿಯುವ ನಿಯಮ ಅಂತ ಹೋದಾಗ ತುಂಡುಗಳು ಪರದೆ ತುಂಬಿ ಎಲ್ಲಿ ಏನಿದೆ ಅಂತ ಹುಡುಕುವುದೇ ಕೆಲಸವಾಯಿತು. ಆಗ ಮುಂದಕ್ಕೆ ಹೋಗುವ ಸಮಯ ಬಂದಿದೆ ಅಂತ ತಿಳಿಯಬೇಕು.

ಪೈಗೇಮ್ ನಿಜಕ್ಕೂ ಎಂಜಿನ್ ಅಲ್ಲ, ಪೈಥಾನ್‌ಗೆ ಸೇರಿಸಿಕೊಳ್ಳುವ ಒಂದು ಸಲಕರಣೆ ಪೆಟ್ಟಿಗೆ. 2000ದಿಂದ ಇದೆ. ಸಿಬಿಎಸ್‌ಇ ಹನ್ನೊಂದು, ಹನ್ನೆರಡನೇ ಕ್ಲಾಸಿನ ಕಂಪ್ಯೂಟರ್ ಸೈನ್ಸ್‌ನಲ್ಲಿ ಪೈಥಾನ್ ಇರುವುದರಿಂದ ಆ ಮಕ್ಕಳಿಗೆ ಕೈಗೆ ಹತ್ತಿರ. ಸೆಕೆಂಡಿಗೆ ಅರವತ್ತು ಸಲ ಪರದೆ ಅಳಿಸಿ ಮತ್ತೆ ಬರೆಯುವ ಸುತ್ತನ್ನು ನೀವೇ ಬರೆಯಬೇಕು. ಗೇಮ್ ಒಳಗೆ ಏನು ನಡೆಯುತ್ತದೆ ಅಂತ ಇದರಷ್ಟು ಚೆನ್ನಾಗಿ ಇನ್ಯಾವುದೂ ಕಲಿಸಲಿಲ್ಲ. ಆದರೆ ಫೋನಿಗೆ ಒಯ್ಯುವುದು ಕಷ್ಟ. ಫೋನಿನಲ್ಲಿ ಆಡುವ ಗೇಮೇ ಬೇಕು ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಜಿಡೆವಲಪ್ ಕೂಡ ಮುಕ್ತ ತಂತ್ರಾಂಶ. ಕೋಡ್ ಬರೆಯದೆ "ಹೀಗಾದರೆ ಹೀಗೆ ಮಾಡು" ಅಂತ ಸಾಲುಗಳನ್ನು ಆರಿಸಿ ಗೇಮ್ ಕಟ್ಟಬಹುದು. ಕೋಡ್ ಬೇಡ, ಕಥೆ ಮತ್ತು ಚಿತ್ರ ನನ್ನ ಶಕ್ತಿ ಅನ್ನುವವರು ನೋಡಿ. ಬರೀ ಕಥೆ, ಮಾತು, ಆಯ್ಕೆ ಇರುವ ಗೇಮ್ ಆದರೆ ರೆನ್‌ಪೈ ಇದೆ. ಗೇಮ್‌ಮೇಕರ್ 2023ರ ನವೆಂಬರ್‌ನಿಂದ ಮಾರಾಟಕ್ಕಲ್ಲದ ಕೆಲಸಕ್ಕೆ ಉಚಿತ. ಅಂಡರ್‌ಟೇಲ್ ಅದರಲ್ಲೇ ಆದದ್ದು. ಲುವಾ ಭಾಷೆಯ ಲವ್ ಅನ್ನುವ ಚಿಕ್ಕ ಚೌಕಟ್ಟು ಇನ್ನೊಂದು. 2024ರಲ್ಲಿ ಎಲ್ಲರ ಬಾಯಲ್ಲೂ ಇದ್ದ ಬಲಾಟ್ರೊ ಅದರಲ್ಲಿ ಮಾಡಿದ್ದು. ಲುವಾ ಬ್ರೆಜಿಲ್‌ನಲ್ಲಿ ಹುಟ್ಟಿದ ಪುಟ್ಟ, ಚಂದದ ಭಾಷೆ. ಆದರೆ ಲವ್‌ನ 11ನೇ ಆವೃತ್ತಿ ಕನ್ನಡದ ಒತ್ತು ಜೋಡಿಸುವುದಿಲ್ಲ.

ಅನ್‌ರಿಯಲ್ ಬಗ್ಗೆ ಎರಡು ಮಾತು. ಕನ್ನಡ ಅಕ್ಷರ ಜೋಡಿಸುವ ಶಕ್ತಿ ಅದಕ್ಕಿದೆ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ರಾಜಿ ಅನ್ನುವ ನಮ್ಮ ಪುರಾಣದ ಗೇಮನ್ನು ಇದರಲ್ಲೇ ಮಾಡಿತು. ಅದನ್ನು ನೋಡಿ ಬೇಲೂರು, ಹಳೇಬೀಡಿನ ಗುಡಿಗಳ ಒಳಗೆ ಓಡಾಡುವ ಗೇಮ್ ಮಾಡಬೇಕು ಅಂತ ನನಗೂ ಆಸೆಯಾಗಿದೆ. ಒಂದು ಗೇಮ್‌ನಿಂದ ಹತ್ತು ಲಕ್ಷ ಡಾಲರ್ ಗಳಿಸುವ ತನಕ ಏನೂ ಕೊಡಬೇಕಾಗಿಲ್ಲ, ಆಮೇಲೆ ನೂರಕ್ಕೆ ಐದು. ಭಾಷೆ ಸಿ ಪ್ಲಸ್ ಪ್ಲಸ್, ಅಥವಾ ಬ್ಲೂಪ್ರಿಂಟ್ ಅನ್ನುವ ಚಿತ್ರದ ಕೋಡ್. ಮೊದಲ ಗೇಮ್‌ಗೆ ಬೇಡ. ಯಂತ್ರ ಬಲವಾಗಿದ್ದರೆ ಎರಡನೆಯದಕ್ಕೋ ಮೂರನೆಯದಕ್ಕೋ ನೋಡಿ.

ಲ್ಯಾಪ್‌ಟಾಪೇ ಇಲ್ಲ, ಫೋನ್ ಮಾತ್ರ ಇದೆ ಅನ್ನುವವರೂ ನಮ್ಮಲ್ಲಿ ಕಡಿಮೆ ಇಲ್ಲ. ಅವರಿಗಾಗಿ: ಗೊಡೊ ಎಡಿಟರ್ ಆಂಡ್ರಾಯ್ಡ್‌ಗೂ ಇದೆ. ಚಿಕ್ಕ ಪರದೆಯಲ್ಲಿ ಕಷ್ಟ, ಟ್ಯಾಬ್ ಮತ್ತು ಒಂದು ಕೀಬೋರ್ಡ್ ಇದ್ದರೆ ಕೆಲಸ ನಡೆಯುತ್ತದೆ. ನಾನು ಅದರಲ್ಲಿ ಕಾಯಿಯ ಬಣ್ಣ ಬದಲಿಸುವಂಥ ಸಣ್ಣ ತಿದ್ದುಪಡಿಗಳನ್ನು ಮಾಡಿದ್ದೇನೆ.

ನನ್ನ ಆಯ್ಕೆ, ಮತ್ತು ಆಮೇಲಿನ ಕೆಲಸ

ಅಕ್ಕನ ಮಗಳಿಗೆ ನಾನು ಗೊಡೊ ಮತ್ತು ಜಿಡಿಸ್ಕ್ರಿಪ್ಟ್ ಅಂತ ಹೇಳಿದೆ. ನಾಲ್ಕು ಜಿಬಿ ಲ್ಯಾಪ್‌ಟಾಪ್, ಮಳೆಗಾಲದ ನೆಟ್, ಕನ್ನಡದ ಆಟ, ಫೋನಿಗೆ ಹೋಗಬೇಕು ಅನ್ನುವ ಆಸೆ, ಇಷ್ಟೂ ಒಟ್ಟಿಗೆ ಅಲ್ಲಿ ಮಾತ್ರ ಕೂಡಿ ಬಂತು. ಅವಳ ತಮ್ಮನಿಗೆ ಒಂಬತ್ತು ವರ್ಷ, ಅವನು ಸ್ಕ್ರ್ಯಾಚ್‌ನಲ್ಲಿ ಆನೆಯಿಂದ ಕಾಫಿ ತೋಟ ಕಾಯುವ ಆಟ ಮಾಡುತ್ತಿದ್ದಾನೆ. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಪಕ್ಕದ ಮನೆಯ ಹುಡುಗನ ಹತ್ತಿರ ಹದಿನಾರು ಜಿಬಿ ರ್‍ಯಾಮ್ ಇದೆ, ಗೇಮ್ ಕಂಪನಿಯಲ್ಲೇ ಕೆಲಸ ಬೇಕು ಅನ್ನುತ್ತಾನೆ. ಅವನಿಗೆ ಯೂನಿಟಿ ಸರಿ ಅಂದೆ. ಆದರೆ ಮೂವರಿಗೂ ಒಂದೇ ಷರತ್ತು ಹಾಕಿದೆ. ಮೊದಲ ಗೇಮ್ ಒಂದು ಪರದೆಯಲ್ಲಿ ಮುಗಿಯಬೇಕು. ನೆಟ್‌ನಲ್ಲಿ ನೂರು ಜನ ಒಟ್ಟಿಗೆ ಆಡುವ ಗೇಮ್ ಆಮೇಲೆ.

ಮಾಡಿದ ಗೇಮ್ ಬೇರೆಯವರಿಗೆ ತಲುಪಿಸಲು ಎಲ್ಲಕ್ಕಿಂತ ಸುಲಭದ ಜಾಗ ಇಚ್.ಐಒ ಅನ್ನುವ ಜಾಲತಾಣ. ಖಾತೆ ಉಚಿತ. ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಮಾಡಿದ ಜಿಪ್ ಹಾಕಿದರೆ ಒಂದು ಕೊಂಡಿ ಸಿಗುತ್ತದೆ, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ಗೊಡೊ 4.3ರಿಂದ ಈ ಬ್ರೌಸರ್ ಎಕ್ಸ್‌ಪೋರ್ಟ್ ಮೊದಲಿಗಿಂತ ತಾಪತ್ರಯ ಕಡಿಮೆ. ಒಂದು ವಿಷಯ ನೆನಪಿಡಿ: ಗೊಡೊ ನಾಲ್ಕರಲ್ಲಿ ಸಿ ಶಾರ್ಪ್ ಬಳಸಿದರೆ ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಆಗುವುದಿಲ್ಲ. ಜಿಡಿಸ್ಕ್ರಿಪ್ಟ್ ಆರಿಸಿಕೊಳ್ಳಲು ಅದೂ ಒಂದು ಕಾರಣ.

ಪ್ಲೇ ಸ್ಟೋರ್‌ಗೆ ಹಾಕಲು ಒಮ್ಮೆ 25 ಡಾಲರ್ ಕಟ್ಟಬೇಕು. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಇನ್ನೊಂದು ಹೆಜ್ಜೆ ದಾಟಬೇಕು. ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಸೇರಿರಬೇಕು, ಆಮೇಲೆಯೇ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ ಹಾಕಬಹುದು. ನಾವು ಈಗ ಆ ಹಂತದಲ್ಲಿದ್ದೇವೆ. ದೀಪಾವಳಿಗೆ ಎಲ್ಲರೂ ಅಜ್ಜಿಯ ಮನೆಯಲ್ಲಿ ಸೇರಿದಾಗ ಒಂಬತ್ತು ಜನರ ಇಮೇಲ್ ಬರೆದುಕೊಂಡೆವು. ಇನ್ನು ಮೂರು ಬೇಕು. ಅಜ್ಜಿ ಅಕ್ಕನ ಮಗಳ ಫೋನಿನಲ್ಲಿ ಒಂದು ಆಟ ಆಡಿ ನೋಡಿ, "ಒಂದು ಕಾಯಿನೂ ಕಡೀದೆ ಒಳಗಿನ ಸುತ್ತಿಗೆ ಹೇಗೆ ಬಿಟ್ಟೆ?" ಅಂತ ಕೇಳಿದರು. ಆ ನಿಯಮ ಬರೆಯುವುದು ನಮಗೆ ಮರೆತೇ ಹೋಗಿತ್ತು. ಅವಳು ಅಲ್ಲೇ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು.